ಅಪ್ಪನ ಪೈಲಟ್ ವಾಚಿಗೆ ರೇಡಿಯಂ ಹಾಕಿಸಲು ಹೋಗಿ ಡಯಲ್ಲನ್ನೇ ಕಳೆದುಕೊಂಡೆ

ಮನೆಯಲ್ಲಿ ಹಳೇ ಎಚ್‌ಎಂಟಿ ಇದೆಯಾ? ಅದಕ್ಕೆ ಹೊಸದಾಗಿ ರೇಡಿಯಂ ಹಾಕಿಸೋಣ ಅಂತ ಯೋಚನೆ ಇದೆಯಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ, ಆಮೇಲೆ ವಾಚು ಕೊಡಿ. ಬರೆಯಲು ನಾಚಿಕೆ ಆಗುತ್ತಿದೆ. ಹತ್ತು ವರ್ಷದಿಂದ ವಾಚಿನ ಹುಚ್ಚು ಹತ್ತಿಸಿಕೊಂಡವನು ನಾನು. "ಅದು ತಗೋಬೇಡಿ, ರೀಡಯಲ್ ಮಾಡಿದ್ದಾರೆ", ಅಂದರೆ ಡಯಲ್‌ಗೆ ಹೊಸದಾಗಿ ಪ್ರಿಂಟ್ ಹೊಡೆದಿದ್ದಾರೆ ಅಂತ ಊರವರಿಗೆಲ್ಲ ಬುದ್ಧಿ ಹೇಳಿದವನು. ಕೊನೆಗೆ ನನಗೇ ಟೋಪಿ ಹಾಕಿದರು. ಅದೂ ಅಪ್ಪನ ವಾಚಿನಲ್ಲಿ.

ಅಪ್ಪನದು ಎಚ್‌ಎಂಟಿಯ ಪೈಲಟ್ ಅನ್ನುವ ಮಾಡೆಲ್, ಕೀ ಕೊಡುವ ವಾಚು. ಕಪ್ಪು ಡಯಲ್, 17 ಜ್ಯುವೆಲ್. 1986ರಲ್ಲಿ ತಗೊಂಡದ್ದು. ನಮ್ಮದು ಮಂಡ್ಯ ಕಡೆ. ಪಂಪ್‌ಸೆಟ್‌ಗೆ ಕರೆಂಟ್ ಬರುತ್ತಿದ್ದದ್ದೇ ರಾತ್ರಿ. ಅಪ್ಪ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗುವಾಗ ಬ್ಯಾಟರಿಯ ಬಾಯನ್ನು ವಾಚಿನ ಗಾಜಿಗೆ ಒತ್ತಿ ಒಂದು ನಿಮಿಷ ಹಿಡಿಯುತ್ತಿದ್ದರು. ಆರಿಸಿದರೆ ಮುಳ್ಳು, ಗುರುತು ಎಲ್ಲ ಹಸಿರಾಗಿ ಕಾಣುತ್ತಿದ್ದವು. ಸ್ವಲ್ಪ ಹೊತ್ತು ಅಷ್ಟೇ, ಆಮೇಲೆ ಕತ್ತಲೆ. ನಾನು ಕಾಲೇಜಿಗೆ ಬರುವಷ್ಟರಲ್ಲಿ ಅದೂ ಸತ್ತುಹೋಗಿತ್ತು. ಎಷ್ಟು ಬೆಳಕು ಬಿಟ್ಟರೂ ಮಿಣುಕೂ ಇಲ್ಲ. ಬಣ್ಣ ಮಾತ್ರ ಹಳೇ ತುಪ್ಪದ ಹಾಗೆ ಕಂದು ಕಂದಾಗಿ ಚೆನ್ನಾಗಿತ್ತು.

ಹೋದ ವರ್ಷ ನಿಮಿಷದ ಮುಳ್ಳಿನ ರೇಡಿಯಂ ಪುಡಿಯಾಗಿ ಗಾಜಿನ ಒಳಗೆ ಉದುರಿತು. ಆ ಪುಡಿ ಮೆಷಿನ್ ಒಳಗೆ ಹೋದರೆ ವಾಚೇ ನಿಲ್ಲುತ್ತದೆ. ಹಾಗಾಗಿ ಮುಳ್ಳಿಗೆ ಮಾತ್ರ ಹೊಸದು ಹಾಕಿಸಬೇಕಾಯಿತು. ಮುಳ್ಳಿಗೆ ಮಾತ್ರ. ಈ ಮಾತನ್ನು ನಾನು ರೇಡಿಯಂ ಹಾಕಿಕೊಡುವ ಮನುಷ್ಯನಿಗೆ ನಾಲ್ಕು ಸಲ ಬರೆದು ಕಳಿಸಿದ್ದೇನೆ. ಎಲ್ಲ ಫೋನಿನಲ್ಲಿದೆ.

ನೀನೇ ಹಾಕಬಹುದಿತ್ತಲ್ಲ ಅಂತ ಕೇಳುವವರಿಗೆ: ಹಾಕಿದ್ದೇನೆ, ಇನ್ನೂರು ರೂಪಾಯಿಯ ಗುಜರಿ ವಾಚುಗಳಿಗೆ. ಪುಡಿಗೆ ವಾರ್ನಿಷ್ ಸೇರಿಸಿ ಜೇನಿನ ಹದಕ್ಕೆ ಕಲಸಬೇಕು. ಮುಳ್ಳನ್ನು ಬೋರಲು ಹಾಕಿ, ಹಿಂದಿನಿಂದ ಸೂಜಿಯಂಥ ಕಡ್ಡಿಯಲ್ಲಿ ಒಂದು ತೊಟ್ಟು ಎಳೆದರೆ ನಡುವಿನ ಸೀಳಿಗೆ ತಾನೇ ಪೊರೆ ಕಟ್ಟಿಕೊಳ್ಳುತ್ತದೆ. ನೀರಾದರೆ ಸೋರುತ್ತದೆ, ಗಟ್ಟಿಯಾದರೆ ಗುಡ್ಡೆ ಕೂರುತ್ತದೆ. ಹಳೇ ಬಣ್ಣ ಬರಬೇಕಾದರೆ ಪುಡಿಗೇ ಚೂರು ಕಂದು, ಚೂರು ಹಳದಿ ಸೇರಿಸಬೇಕು. ಜಾಸ್ತಿ ಸೇರಿಸಿದಷ್ಟೂ ಬೆಳಕು ಕಮ್ಮಿ. ಮೂರು ಸಲ ಮಾಡಿ ಎರಡು ಸಲ ಕೆಡಿಸಿದ್ದೇನೆ. ಅಪ್ಪನ ವಾಚಿನ ಮೇಲೆ ನಾಲ್ಕನೇ ಸಲ ಬೇಡ ಅನ್ನಿಸಿತು.

ಆ ಮನುಷ್ಯನ ವಿಡಿಯೋಗಳು ಚೆನ್ನಾಗಿದ್ದವು. "ವಿಂಟೇಜ್ ಲ್ಯೂಮ್, ಏಜಿಂಗ್ ಫ್ರೀ" ಅಂತ. ಅಂದರೆ ಹೊಸ ರೇಡಿಯಂ ಹಳೇದರಂತೆ ಕಾಣುತ್ತದೆ, ಹಾಗೆ ಕಾಣಿಸುವ ಕೆಲಸಕ್ಕೆ ಬೇರೆ ದುಡ್ಡಿಲ್ಲ. ಒಟ್ಟು 2,800 ರೂಪಾಯಿ, ಮೊದಲೇ ಕಳಿಸಬೇಕು. ಒಂದು ವಿಡಿಯೋದಲ್ಲಿ ಯಾವುದೋ ತುಂಬಾ ಹಳೇ ಸ್ವಿಸ್ ವಾಚಿನ ರೇಡಿಯಂ ಅನ್ನು ಬ್ಲೇಡಿನಲ್ಲಿ ಕೆರೆದು, ಪುಡಿಯನ್ನು ಬಾಯಿಂದ ಉಫ್ ಅಂತ ಊದಿದ. ಮಾಸ್ಕೂ ಇಲ್ಲ, ಏನೂ ಇಲ್ಲ. ನಾವು ಹೊಳೆಯುವ ಬಣ್ಣಕ್ಕೆಲ್ಲ ರೇಡಿಯಂ ಅನ್ನುತ್ತೇವೆ, ಆದರೆ ಅಷ್ಟು ಹಳೇ ವಾಚಿನಲ್ಲಿ ನಿಜವಾದ ರೇಡಿಯಮ್ಮೇ ಇರಬಹುದು. ಅದು ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಹೊಳಪು ಹೋದದ್ದು ಜೊತೆಗಿದ್ದ ಜಿಂಕ್ ಸಲ್ಫೈಡ್ ಅನ್ನುವ ಹೊಳೆಯುವ ಪುಡಿ ಸತ್ತಿದ್ದರಿಂದ. ರೇಡಿಯಂ ಇದ್ದ ಹಾಗೇ ಇರುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ನೂರು ವರ್ಷದ ಹಿಂದೆ ಡಯಲ್‌ಗೆ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿ ಮಾಡಿ ದವಡೆ ಕೊಳೆತು ಸತ್ತರು. ಇದೆಲ್ಲ ಗೊತ್ತಿದ್ದೂ, ಉಫ್ ಅಂತ ಊದುವವನಿಗೆ ವಾಚು ಕಳಿಸಿದೆ ನೋಡಿ. ಅಲ್ಲೇ ಬುದ್ಧಿ ಬರಬೇಕಿತ್ತು.

ಹತ್ತು ದಿನ ಅಂದವನು ಐದು ವಾರ ತಗೊಂಡ. ಆಮೇಲೆ ಫೋಟೋ ಬಂತು. ಮುಳ್ಳು, ಡಯಲ್ ಎರಡೂ ಒಂದೇ ಬಣ್ಣ, ಸಕತ್ತಾಗಿತ್ತು. ನಾನು "ಸೂಪರ್ ಸರ್" ಅಂತ ಕಳಿಸಿದೆ. ಈ ಎರಡು ಪದ ಆಮೇಲೆ ನನ್ನ ಕುತ್ತಿಗೆಗೇ ಬಂತು.

ಊರಿಗೆ ಹೋದ ದಿನ ರಾತ್ರಿ ಕರೆಂಟ್ ಇರಲಿಲ್ಲ. ಅಪ್ಪ ಜಗಲಿಯ ಮೇಲೆ ಕೂತು ಹಳೇ ಅಭ್ಯಾಸದಂತೆ ವಾಚಿಗೆ ಬ್ಯಾಟರಿ ಹಿಡಿದು ಆರಿಸಿದರು. ಉರಿಯಿತು ನೋಡಿ! ನಾನು ಹೆಮ್ಮೆಯಿಂದ, "ಹೊಸ ರೇಡಿಯಂ ಅಪ್ಪ, ಬೆಳಗಿನವರೆಗೂ ಇರುತ್ತೆ" ಅಂದೆ. ಅಪ್ಪ ತುಂಬಾ ಹೊತ್ತು ಸುಮ್ಮನೆ ನೋಡಿದರು.

"ಮುಳ್ಳು ಸರಿ ಕಣ್ಲಾ. ಈ ಗುರುತೆಲ್ಲ ಯಾಕ್ ಉರೀತಾವೆ? ಅವಕ್ಕೂ ಹಾಕಿಸ್ದಾ?"

ಹಾಕಿಸಿರಲಿಲ್ಲ. ಎದೆ ಧಸಕ್ ಅಂದಿತು. ನಮ್ಮ ಡಯಲ್‌ನಲ್ಲಿ 7 ಮತ್ತು 8ರ ನಡುವೆ ಕೂದಲೆಳೆಯಷ್ಟು ಗೀರಿತ್ತು. ಯಾವತ್ತೋ ಮದ್ದೂರಿನ ರಿಪೇರಿಯವರ ಚಿಮಟ ಜಾರಿ ಆದದ್ದು. ಅಪ್ಪ ಅವರನ್ನು ಬೈಯುತ್ತಲೇ ಮೂವತ್ತು ವರ್ಷ ವಾಚು ಕಟ್ಟಿದ್ದರು. ಬ್ಯಾಟರಿ ಹಿಡಿದು ಹುಡುಕಿದೆ. ಗೀರಿಲ್ಲ. ಗಾಜು ಒರೆಸಿ ಮತ್ತೆ ಹುಡುಕಿದೆ. ಇಲ್ಲ. ಡಯಲ್ಲೇ ಬೇರೆ. ಫೋಟೋದಲ್ಲೂ ಗೀರಿರಲಿಲ್ಲ, ಆದರೆ ನಾನು ಬಣ್ಣ ನೋಡಿ ಮರುಳಾಗಿದ್ದೆ.

ರಾತ್ರಿಯೇ ಮೆಸೇಜ್ ಹಾಕಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನೀವೇ ನೋಡಿ.

ಮೊದಲು: "ಅದು ನಿಮ್ದೇ ಡಯಲ್ ಸರ್. ಕ್ಲೀನ್ ಮಾಡಿದ್ವಿ, ಕಂಪನಿ ರೇಡಿಯಂ ಎದ್ದು ಬಂತು."

ಸತ್ತ ರೇಡಿಯಂ ಕ್ಲೀನ್ ಮಾಡಿದರೆ ಎದ್ದು ಬರುತ್ತದಂತೆ! ನಾನು ಬರೆದೆ, ರಾತ್ರಿಯೆಲ್ಲ ಉರಿಯುವ ಈ ಸ್ಟ್ರಾನ್ಷಿಯಂ ಬಣ್ಣವನ್ನು ಜಪಾನಿನ ನೆಮೊಟೊ ಕಂಪನಿಯವರು ಕಂಡುಹಿಡಿದದ್ದೇ 1993ರಲ್ಲಿ, ನಮ್ಮಪ್ಪ ವಾಚು ತಗೊಂಡದ್ದು 1986ರಲ್ಲಿ, ಎಚ್‌ಎಂಟಿಯವರು ಏಳು ವರ್ಷ ಮೊದಲೇ ಹೇಗೆ ಹಾಕಿದರು ಅಂತ. ಎರಡು ದಿನ ನೀಲಿ ಟಿಕ್ ಮಾತ್ರ.

ಆಮೇಲೆ: "ಸರ್ ವಿಂಟೇಜ್ ಲುಕ್ ಕೇಳಿದ್ದು ನೀವೇ. ಮ್ಯಾಚ್ ಆಗ್ಲಿ ಅಂತ ಡಯಲ್ಲೂ ಮಾಡಿದ್ವಿ. ಎಕ್ಸ್‌ಟ್ರಾ ದುಡ್ಡು ತಗೊಂಡಿಲ್ಲ."

ನೋಡಿ, ಉಪಕಾರ ಬೇರೆ ಮಾಡಿದ್ದಾನೆ. ಸರಿ, ನನ್ನ ಹಳೇ ಡಯಲ್ ಕಳಿಸು, ಕೊರಿಯರ್ ಖರ್ಚು ನನ್ನದು ಅಂದೆ.

"ಅದು ತೆಗೆಯುವಾಗ ಪುಡಿ ಆಯ್ತು ಸರ್."

ಹಿತ್ತಾಳೆ ತಗಡು ಪುಡಿ ಆಗುತ್ತದಾ? ಪುಡಿಯಾದರೂ ಪರವಾಗಿಲ್ಲ, ಪುಡಿಯನ್ನೇ ಕಳಿಸು ಅಂದೆ. ಆಗ ಬಂತು ನೋಡಿ: "ಫೋಟೋ ನೋಡಿ ಸೂಪರ್ ಸರ್ ಅಂದ್ರಲ್ಲ, ಈಗ ಏನು?" ಜೊತೆಗೆ ಸ್ಕ್ರೀನ್‌ಶಾಟ್. ನನ್ನದೇ ಮಾತು, ನನ್ನದೇ ಹೆಬ್ಬೆರಳಿನ ಚಿತ್ರ. ಆ ಸ್ಕ್ರೀನ್‌ಶಾಟ್ ನೋಡಿದಾಗ ಆದಷ್ಟು ಅವಮಾನ ಡಯಲ್ ಹೋದಾಗಲೂ ಆಗಲಿಲ್ಲ. ನನ್ನ ಬಾಯಿಂದಲೇ ರಸೀದಿ ಬರೆಸಿಕೊಂಡಿದ್ದ.

ಅವೆನ್ಯೂ ರಸ್ತೆಯ ಕಡೆ ಒಬ್ಬ ವಯಸ್ಸಾದ ರಿಪೇರಿಯವರ ಹತ್ತಿರ ವಾಚು ಬಿಚ್ಚಿಸಿದೆ. ಡಯಲ್ ಹಿಂದೆ ಹೊಸ ತಗಡಿನ ಹೊಳಪು. ಮೆಷಿನ್‌ಗೆ ಕೂರಬೇಕಾದ ಎರಡು ಕಾಲುಗಳನ್ನು ಕತ್ತರಿಸಿ, ಗಮ್ ಟೇಪಿನಲ್ಲಿ ಅಂಟಿಸಿದ್ದರು. ಅವರು ಹತ್ತಿಯನ್ನು ಚೂರು ಒದ್ದೆ ಮಾಡಿ ಒಂದು ಗುರುತಿನ ಮೇಲೆ ಒತ್ತಿದರು. ಹತ್ತಿಗೆ ಕಂದು ಬಣ್ಣ ಹತ್ತಿತು. ಕೆಳಗೆ ಅಚ್ಚ ಹಸಿರು. "ಟೀ ಡಿಕಾಕ್ಷನ್ ಇರ್ಬೇಕು ಸ್ವಾಮಿ" ಅಂದರು. ಈ ಹೊಸ ಪುಡಿಗೆ ನೀರೇ ಶತ್ರು. ನೀರು ತಾಗಿದರೆ ಹೊಳಪು ಕೆಡುತ್ತದೆ, ಅದರ ಮೇಲೆ ಟೀ ಸುರಿದಿದ್ದಾರೆ! ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿ ನೋಡಿದರೆ ಕಂದು ಬಣ್ಣ ಬರೀ ಮೇಲ್ಪದರದಲ್ಲಿ, ಅಂಚಿನಲ್ಲಿ ಕಾಫಿ ಲೋಟದ ಕಲೆಯ ಹಾಗೆ ಗೆರೆ ಕಟ್ಟಿತ್ತು. ನಿಜವಾದ ಹಳೇದು ಹಾಗಿರುವುದಿಲ್ಲ. ಒಳಗಿಂದಲೇ ಮಾಗಿರುತ್ತದೆ, ಅಲ್ಲಲ್ಲಿ ಬಿರುಕು ಬಿಟ್ಟಿರುತ್ತದೆ.

ಎಚ್‌ಎಂಟಿ ವಾಚು ಕಂಪನಿ 2016ರಲ್ಲೇ ಮುಚ್ಚುವ ತೀರ್ಮಾನವಾಯಿತು. ಕಂಪನಿ ಡಯಲ್ ಇನ್ನು ಹುಟ್ಟುವುದಿಲ್ಲ. ಹೊಸದಾಗಿ ಪ್ರಿಂಟ್ ಹೊಡೆದ ಪೈಲಟ್ ಡಯಲ್‌ಗಳು ಮಾತ್ರ ಬೇಕಾದಷ್ಟು ಸಿಗುತ್ತವೆ. ಲೆಕ್ಕ ನೀವೇ ಹಾಕಿ. ಅಗ್ಗದ ಪ್ರಿಂಟ್ ಡಯಲ್ ನನಗೆ, ಅಪ್ಪನ ಒರಿಜಿನಲ್ ಡಯಲ್ ಅವನ ಡಬ್ಬಿಗೆ. ಮೇಲೆ 2,800 ನಾನೇ ಕೊಟ್ಟೆ. ನಲವತ್ತು ವರ್ಷದ ವಾಚನ್ನು ಹಳೇದಾಗಿ ಕಾಣಿಸಲು ದುಡ್ಡು ಕೊಟ್ಟ ಮೂರ್ಖ ನಾನು.

ಕೊಡುವ ಮೊದಲು ಡಯಲ್ ಫೋಟೋ ತೆಗೆದಿಡಿ, ಗೀರು, ಕಲೆ ಎಲ್ಲ ಕಾಣುವ ಹಾಗೆ. ಮುಳ್ಳಿನ ಕೆಲಸವಾದರೆ ಮುಳ್ಳು ಬಿಚ್ಚಿಸಿ ಮುಳ್ಳು ಮಾತ್ರ ಕೊಡಿ, ವಾಚು ಮನೆಯಲ್ಲಿರಲಿ. ವಾಪಸ್ ಬಂದದ್ದನ್ನು ಮೊದಲು ಕತ್ತಲಲ್ಲಿ ನೋಡಿ. ಮತ್ತೆ, ದೇವರಾಣೆ, ಫೋಟೋ ನೋಡಿ "ಸೂಪರ್ ಸರ್" ಅನ್ನಬೇಡಿ.

ನಿನ್ನೆ ಅವನ ಕೊನೆ ಮೆಸೇಜ್ ಬಂತು: "500 ವಾಪಸ್ ಹಾಕ್ತೀನಿ, ಇಲ್ಲಿಗೆ ಬಿಡಿ." ನಾನು ಉತ್ತರ ಕೊಟ್ಟಿಲ್ಲ. ಅಪ್ಪ ವಾಚನ್ನು ಬೀರುವಿನಲ್ಲಿ ಇಟ್ಟುಬಿಟ್ಟಿದ್ದಾರೆ, ಅದಕ್ಕೆ ಕೀ ಕೂಡ ಕೊಡುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಹಳೇ ಪೈಲಟ್ ತಗೊಳ್ಳುವಾಗ 7 ಮತ್ತು 8ರ ನಡುವೆ ಓರೆಯಾಗಿ ಒಂದು ಸಣ್ಣ ಗೀರು ಕಂಡರೆ, ಅದು ನಮ್ಮದು. ಎಷ್ಟಾದರೂ ಸರಿ, ನನಗೆ ಹೇಳಿ.