ಫಾರ್ಮ್‌ನ ತಪ್ಪು ಸಂದೇಶ: ಬ್ರೌಸರ್ ಗುಳ್ಳೆ, ಬೂಟ್‌ಸ್ಟ್ರಾಪ್, ಜೆಕ್ವೆರಿ, ಇಲ್ಲಾ ನಮ್ಮದೇ ಸಾಲು?

ವೆಬ್ ಫಾರ್ಮನ್ನು ಯಾರಾದರೂ ತಪ್ಪಾಗಿ ತುಂಬಿದಾಗ ಅದನ್ನು ತಿಳಿಸುವ ಸಂದೇಶ ತೋರಿಸಲು ನಾಲ್ಕು ದಾರಿ ಹೋಲಿಸಿದೆವು. ಹೋಲಿಕೆಗೆ ಇಟ್ಟುಕೊಂಡದ್ದು ಒಂದೇ ಫಾರ್ಮ್, ಇಳಕಲ್ ಸೀರೆಯ ಆರ್ಡರ್. ಹೆಸರು, ಮೊಬೈಲ್, ಪಿನ್ ಕೋಡ್, ಎಷ್ಟು ಸೀರೆ, ಮತ್ತೆ ದಡಿ ಯಾವುದು ಅಂತ ಮೂರು ರೇಡಿಯೋ ಬಟನ್: ಗೋಮಿ, ಚಿಕ್ಕಿ ಪರಾಸ, ಗಾಡಿ. ತುಂಬುವವರು ಬಾಗಲಕೋಟೆ, ವಿಜಯಪುರ ಕಡೆಯವರು. ಪರೀಕ್ಷೆ ಮಾಡಿದ್ದು 360 ಪಿಕ್ಸೆಲ್ ಅಗಲದ ಫೋನಿನಲ್ಲಿ.

ಬ್ರೌಸರ್‌ನ ಗುಳ್ಳೆಗೆ, ಅಂದರೆ ಖಾನೆಯ ಪಕ್ಕ ಬ್ರೌಸರ್ ತಾನೇ ತೋರಿಸುವ ಪುಟ್ಟ ಸಂದೇಶಕ್ಕೆ, ಜಾವಾಸ್ಕ್ರಿಪ್ಟ್ ಬೇಕಿಲ್ಲ. ಖಾನೆಯ ಎಚ್‌ಟಿಎಂಎಲ್‌ನಲ್ಲಿ 'ರಿಕ್ವೈರ್ಡ್' (ಕಡ್ಡಾಯ), 'ಪ್ಯಾಟರ್ನ್' (ಯಾವ ರೂಪದಲ್ಲಿರಬೇಕು) ಬರೆದರೆ ಸಾಕು. ಆದರೆ ಅದರ ಬಣ್ಣ, ಅಕ್ಷರ ಬದಲಿಸಲು ಬರುವುದಿಲ್ಲ; ಕ್ರೋಮ್‌ನಲ್ಲಿ ಇದ್ದ ಒಂದು ಸಿಎಸ್‌ಎಸ್ ದಾರಿಯನ್ನೂ 2013ರಲ್ಲಿ ಮುಚ್ಚಿದರು. ಸಂದೇಶದ ಭಾಷೆ ಪುಟವನ್ನು ಕೇಳುವುದಿಲ್ಲ, ಬ್ರೌಸರ್ ಯಾವ ಭಾಷೆಯಲ್ಲಿದೆಯೋ ಅದೇ. ಒಂದು ಸಲಕ್ಕೆ ಒಂದೇ ಖಾನೆಯ ತಪ್ಪು ತೋರಿಸಿ ಮಾಯವಾಗುತ್ತದೆ. 'ಸೆಟ್‌ಕಸ್ಟಮ್‌ವ್ಯಾಲಿಡಿಟಿ' ಬಳಸಿ ಕನ್ನಡ ಸಾಲು ಕೊಡಬಹುದು, ಆದರೆ ಬಹಳ ಮಂದಿ ಎಡವುವುದೂ ಅಲ್ಲೇ: 'ಇನ್‌ಪುಟ್' ಈವೆಂಟ್‌ನಲ್ಲಿ ಖಾಲಿ ಸ್ಟ್ರಿಂಗ್ ಕೊಟ್ಟು ಅದನ್ನು ಅಳಿಸದಿದ್ದರೆ, ನಂಬರ್ ಸರಿಮಾಡಿದ ಮೇಲೂ ಖಾನೆ ತಪ್ಪಾಗಿಯೇ ಉಳಿಯುತ್ತದೆ. ಆಮೇಲೆ "ಎಷ್ಟ್ ಒತ್ತಿದ್ರೂ ಹೋಗವಲ್ತು" ಅಂತ ಫೋನ್.

ಸಿದ್ಧ ಸಿಎಸ್‌ಎಸ್ ವಿನ್ಯಾಸಗಳ ಕಟ್ಟು ಬೂಟ್‌ಸ್ಟ್ರಾಪ್ 5 ನೋಡಲು ಚೊಕ್ಕ. ಖಾನೆಗೆ 'ಈಸ್-ಇನ್‌ವ್ಯಾಲಿಡ್' ಕ್ಲಾಸ್, ಸಂದೇಶಕ್ಕೆ 'ಇನ್‌ವ್ಯಾಲಿಡ್-ಫೀಡ್‌ಬ್ಯಾಕ್' ಕ್ಲಾಸ್. ಎರಡೂ ನೇರವಾಗಿ ಒಂದೇ ಡಿವ್‌ನೊಳಗೆ (ಡಿವ್ ಅಂದರೆ ಪುಟದ ಭಾಗಗಳನ್ನು ಸುತ್ತುವ ಡಬ್ಬಿ), ಸಂದೇಶ ಖಾನೆಯ ನಂತರ ಇರಬೇಕು. ಖಾನೆಗೆ ಮಾತ್ರ ಇನ್ನೊಂದು ಡಿವ್ ಸುತ್ತಿದಿರೋ, ಸಂದೇಶ ಕಾಣುವುದೇ ಇಲ್ಲ, ಕನ್ಸೋಲ್‌ನಲ್ಲಿ ಎರರ್ ಸಹ ಬರುವುದಿಲ್ಲ. ಫಾರ್ಮ್‌ಗೆ 'ವಾಸ್-ವ್ಯಾಲಿಡೇಟೆಡ್' ಕ್ಲಾಸ್ ಹಾಕಿದರೆ ಸರಿಯಿರುವ ಖಾನೆಗಳೆಲ್ಲ ಹಸಿರಾಗುತ್ತವೆ. ನಮಗೆ ಅದು ಜಾತ್ರೆಯ ದೀಪದಂತೆ ಕಂಡಿತು, ತೆಗೆದೆವು.

ಜೆಕ್ವೆರಿ ವ್ಯಾಲಿಡೇಶನ್ ಪ್ಲಗಿನ್, ಸೈಟಿನಲ್ಲಿ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಮೊದಲೇ ಇದ್ದರೆ ಮಾತ್ರ. ಅದು 'ಎರರ್' ಎಂಬ ಒಂದೇ ಕ್ಲಾಸನ್ನು ಖಾನೆಗೂ ಸಂದೇಶದ ಲೇಬಲ್‌ಗೂ ಹಾಕುತ್ತದೆ. ಬರೀ 'ಎರರ್'ಗೆ ಕೆಂಪು ಕೊಟ್ಟರೆ ಗಿರಾಕಿ ಟೈಪ್ ಮಾಡಿದ ಅಕ್ಷರವೂ ಕೆಂಪು. ಲೇಬಲ್‌ಗೆ ಬೇರೆ, ಇನ್‌ಪುಟ್‌ಗೆ ಬೇರೆ ನಿಯಮ ಬರೆಯಿರಿ. ದಡಿಯ ರೇಡಿಯೋಗಳಲ್ಲಿ ಸಂದೇಶ ಮೊದಲ ಬಟನ್ನಿನ ಬೆನ್ನಿಗೇ, ಅಂದರೆ 'ಗೋಮಿ' ಅನ್ನೋ ಹೆಸರಿಗೂ ಮುಂಚೆ ನುಗ್ಗಿತು. ಪ್ಲಗಿನ್‌ನ 'ಎರರ್‌ಪ್ಲೇಸ್‌ಮೆಂಟ್' ಆಯ್ಕೆ ಬಳಸಿ ಗುಂಪಿನ ಕೊನೆಗೆ ತಳ್ಳಬೇಕಾಯಿತು.

ನಾವು ಉಳಿಸಿಕೊಂಡದ್ದು ನಾಲ್ಕನೆಯದು: ತಪಾಸಣೆ ಬ್ರೌಸರ್‌ನದು, ಸಂದೇಶ ನಮ್ಮದು. ಫಾರ್ಮ್‌ಗೆ 'ನೋವ್ಯಾಲಿಡೇಟ್' ಹಾಕಿದರೆ ಗುಳ್ಳೆ ನಿಲ್ಲುತ್ತದೆ, ಖಾನೆಯಲ್ಲಿ ಏನು ತಪ್ಪಿದೆ ಎಂದು ಹೇಳುವ 'ವ್ಯಾಲಿಡಿಟಿ' ಆಬ್ಜೆಕ್ಟ್ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಸಬ್ಮಿಟ್ ಆದಾಗ ಒಂದೊಂದೇ ಖಾನೆ ನೋಡಿ: 'ವ್ಯಾಲ್ಯೂಮಿಸ್ಸಿಂಗ್' (ಖಾಲಿ) ಆದರೆ "ಪಿನ್ ಕೋಡ್ ಬರೆಯಿರಿ", 'ಪ್ಯಾಟರ್ನ್‌ಮಿಸ್‌ಮ್ಯಾಚ್' (ರೂಪ ಹೊಂದದು) ಆದರೆ "ಪಿನ್ ಕೋಡ್ 6 ಅಂಕಿ ಇರಬೇಕು, ಉದಾ: 587125". ಸಾಲು ಖಾನೆಯ ಕೆಳಗಿನ ಸ್ಪ್ಯಾನ್‌ಗೆ ಹೋಗಲಿ, ಖಾನೆಗೆ 'ಏರಿಯಾ-ಇನ್‌ವ್ಯಾಲಿಡ್', ಸ್ಪ್ಯಾನ್‌ನ ಐಡಿಯನ್ನು 'ಏರಿಯಾ-ಡಿಸ್ಕ್ರೈಬ್ಡ್‌ಬೈ'ಗೆ ಕಟ್ಟಿ, ಫೋಕಸ್ ಮೊದಲ ತಪ್ಪಿನ ಮೇಲೆ. ಈ 'ಏರಿಯಾ' ಗುರುತುಗಳು ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳಿಗಾಗಿ. ಕೆಂಪು ಅಂಚನ್ನೂ ಆ 'ಏರಿಯಾ-ಇನ್‌ವ್ಯಾಲಿಡ್'ಗೇ ಕೊಡಿ. ಸಿಎಸ್‌ಎಸ್‌ನ 'ಇನ್‌ವ್ಯಾಲಿಡ್'ಗೆ ಕೊಟ್ಟರೆ ಪುಟ ತೆರೆದ ಕೂಡಲೇ, ಗಿರಾಕಿ ಏನೂ ಮುಟ್ಟುವ ಮೊದಲೇ, ಕಡ್ಡಾಯ ಖಾನೆಗಳೆಲ್ಲ ಕೆಂಪಾಗುತ್ತವೆ. 'ಯೂಸರ್-ಇನ್‌ವ್ಯಾಲಿಡ್' ಇದಕ್ಕೆ ಮದ್ದು, ಆದರೆ ಕ್ರೋಮ್‌ಗೆ ಬಂದದ್ದು 2023ರಲ್ಲಿ. ಹಳೆಯ ಫೋನುಗಳನ್ನು ನೆನಪಿಡಿ.

ಬಣ್ಣದಲ್ಲಿ ಅಚ್ಚ ಕೆಂಪು ಬೇಡ. ಬಿಳಿಯ ಮೇಲೆ ಅದರ ಕಾಂಟ್ರಾಸ್ಟ್ (ಅಕ್ಷರ-ಹಿನ್ನೆಲೆಯ ಹೊಳಪಿನ ಅಂತರ) 4:1 ಮಾತ್ರ, ಬೇಕಾದದ್ದು 4.5:1. ಆರ್‌ಜಿಬಿ 176, 0, 32 ಕೊಟ್ಟರೆ 7 ದಾಟುತ್ತದೆ. ಲೈನ್-ಹೈಟ್ 1.6 ಇಡಿ, 1.2 ಇಟ್ಟು 'ಓವರ್‌ಫ್ಲೋ ಹಿಡನ್' ಮಾಡಿದಾಗ 'ಸಂಖ್ಯೆ', 'ಒಟ್ಟು' ಪದಗಳ ಒತ್ತಕ್ಷರ ಕತ್ತರಿಸಿಹೋಯಿತು.

ಪಿನ್ ಖಾನೆಗೆ 'ಮ್ಯಾಕ್ಸ್‌ಲೆಂಗ್ತ್ 6' ಹಾಕಬೇಡಿ. ವಾಟ್ಸಾಪ್‌ನಿಂದ "587 125" ಅಂತ ಪೇಸ್ಟ್ ಮಾಡಿದರೆ ನಡುವಿನ ಜಾಗವೂ ಎಣಿಕೆಗೆ ಬಂದು ಕೊನೆಯ 5 ಉದುರುತ್ತದೆ, ತಪ್ಪು ಗಿರಾಕಿಯ ತಲೆಗೆ. ಜಾಗಗಳನ್ನು ಕೋಡ್‌ನಲ್ಲೇ ತೆಗೆಯಿರಿ. ಯಾರಾದರೂ ೫೮೭೧೨೫ ಎಂದು ಬರೆದರೂ ಪ್ಯಾಟರ್ನ್ ಒಪ್ಪುವುದಿಲ್ಲ, ಅದಕ್ಕೆ 0ರಿಂದ 9 ಮಾತ್ರ ಗೊತ್ತು. ಕನ್ನಡ ಅಂಕಿಯ ಯೂನಿಕೋಡ್ ಸಂಖ್ಯೆಯಿಂದ 3302 ಕಳೆದರೆ ಬೇಕಾದ ಅಂಕಿ ಸಿಗುತ್ತದೆ. ತಪಾಸಣೆಗೆ ಮುಂಚೆ ಈ ಒಂದು ಸಾಲು ಓಡಿಸಿದರೆ ಅಲ್ಲಿ ತಪ್ಪು ಸಂದೇಶವೇ ಬೇಡ.