ತ್ರಿಕಲಾ ಊರಿಗೆ ಮೇ ತಿಂಗಳೋ, ಡಿಸೆಂಬರೋ?

ಗ್ರೀಸ್‌ನ ಥೆಸಲಿ ಬಯಲಿನ ತ್ರಿಕಲಾಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಪಕ್ಕದ ಮೆಟೆಯೋರಾ. ಬಂಡೆಗಳ ತುದಿಯ ಮಠಗಳನ್ನು ನೋಡಿ, ಇಲ್ಲಿ ರಾತ್ರಿ ಮಲಗಿ, ಬೆಳಿಗ್ಗೆ ಹೊರಟುಬಿಡುತ್ತಾರೆ. ಊರಿನ ನಡುವೆ ಹರಿಯುವ ಲಿಥೇಯೋಸ್ ನದಿಯ ದಂಡೆಯಲ್ಲಿ ಒಂದು ಸಂಜೆಯನ್ನಾದರೂ ಕಳೆಯಬೇಕು. ಅಥೆನ್ಸ್‌ನಲ್ಲಿ ಕೆಲಸಕ್ಕಿದ್ದಾಗ ನಾನು ಎಲ್ಲ ಕಾಲದಲ್ಲೂ ಇಲ್ಲಿಗೆ ಬಂದು ಉಳಿದಿದ್ದೇನೆ.

ಜುಲೈ, ಆಗಸ್ಟ್ ಬೇಡ. ಸುತ್ತ ಬೆಟ್ಟ, ನಡುವೆ ಬಯಲು, ಸಮುದ್ರದ ಗಾಳಿ ಇಲ್ಲ. ಬಿಸಿಲು 40 ಡಿಗ್ರಿ ಮುಟ್ಟುವುದು ಇಲ್ಲಿ ಹೊಸದಲ್ಲ. ಆಗಲೇ ರಜೆ ಸಿಗುವುದಾದರೆ ಮೇಲಿನ ಎಲಾತಿ, ಪೆರ್ತೂಲಿ ಹಳ್ಳಿಗಳಲ್ಲಿ ಉಳಿಯಿರಿ. ಫರ್ ಕಾಡಿನ ತಂಪು ಇರುತ್ತದೆ. ಹೊತ್ತು ಇಳಿದ ಮೇಲೆ ಊರಿಗೆ ಬಂದರಾಯಿತು.

ಅಕ್ಟೋಬರ್ ಚೆನ್ನ. ದಂಡೆಯ ಚಿನಾರ್ ಮರಗಳು ಹಳದಿಯಾಗುತ್ತವೆ, ಬಯಲಲ್ಲಿ ಹತ್ತಿ ಬಿಡಿಸುವ ಕಾಲ. ರಾಯಚೂರು ಕಡೆಯ ಹೊಲಗಳಂತೆಯೇ ಬೆಳ್ಳಗೆ! ಆದರೆ ಮಳೆಯನ್ನು ನಂಬುವಂತಿಲ್ಲ.

ನಿಜವಾದ ಪೈಪೋಟಿ ಡಿಸೆಂಬರ್ ಮತ್ತು ಮೇ ನಡುವೆ. ಡಿಸೆಂಬರ್‌ನಲ್ಲಿ ಹಳೆಯ ಮತ್ಸೋಪುಲೋಸ್ ಹಿಟ್ಟಿನ ಗಿರಣಿಯಲ್ಲಿ ಕ್ರಿಸ್‌ಮಸ್ ಮೇಳ ನಡೆಯುತ್ತದೆ. ದೇಶದ ಎಲ್ಲ ಕಡೆಯಿಂದ ಮಕ್ಕಳು ಬರುತ್ತಾರೆ. ಊರಿಗೇ ಹಬ್ಬ. ಚಿಕ್ಕ ಮಕ್ಕಳಿದ್ದರೆ ಯೋಚನೆಯೇ ಬೇಡ, ಆಗಲೇ ಹೋಗಿ. ಆದರೆ ರೂಮು ದುಬಾರಿ, ಶನಿವಾರ ಭಾನುವಾರ ಜನ ಜಾಸ್ತಿ. ಮೆಟೆಯೋರಾ ಮಂಜಿನೊಳಗೆ ಮುಚ್ಚಿಹೋಗಬಹುದು. ಮಠಗಳ ರಜಾದಿನಗಳೂ ಚಳಿಗಾಲದಲ್ಲಿ ಹೆಚ್ಚು.

ನನ್ನ ಓಟು ಮೇ ತಿಂಗಳಿಗೆ. ಚಿನಾರ್ ಎಲೆ ಇನ್ನೂ ಎಳೆಯದು, ಹೊಲದ ಅಂಚಿನಲ್ಲಿ ಕೆಂಪು ಗಸಗಸೆ ಹೂವು. ಬೆಳಿಗ್ಗೆ ಮೆಟೆಯೋರಾದಲ್ಲಿ ಬೆವರಿಲ್ಲದೆ ಹತ್ತಿ ಇಳಿಯಬಹುದು. ಮಧ್ಯಾಹ್ನಕ್ಕೆ ಒಟ್ಟೋಮನ್ ವಾಸ್ತುಶಿಲ್ಪಿ ಸಿನಾನ್ ರೂಪಿಸಿದ 16ನೇ ಶತಮಾನದ ಮಸೀದಿ ಇದೆ. ಗಾಯಕ ವಸಿಲಿಸ್ ತ್ಸಿತ್ಸಾನಿಸ್ ಹುಟ್ಟಿದ್ದು ಇದೇ ಊರಲ್ಲಿ, 1915ರಲ್ಲಿ. ಅವರ ಹೆಸರಿನ ಮ್ಯೂಸಿಯಂ ಹಳೆಯ ಜೈಲಿನಲ್ಲಿದೆ. ಸಂಜೆ ವರೂಸಿ ಓಣಿಗಳನ್ನು ಸುತ್ತಿ ಕಬ್ಬಿಣದ ಸೇತುವೆಗೆ ಬನ್ನಿ. ಅಜ್ಜ ಅಜ್ಜಿಯರಿಂದ ಹಿಡಿದು ಕೂಸುಗಳ ತನಕ ಇಡೀ ಊರೇ ಅಲ್ಲಿ ನಡೆದಾಡುತ್ತಿರುತ್ತದೆ. ಆ ಹೊತ್ತಿಗೆ ಜಾಕೆಟ್ಟೂ ಬೇಡ, ಕೊಡೆಯೂ ಬೇಡ. ಬೇರೆ ಯಾವ ತಿಂಗಳಲ್ಲೂ ನನಗೆ ಈ ನೆಮ್ಮದಿ ಸಿಕ್ಕಿಲ್ಲ.

ಒಂದು ವಿಷಯ ನೋಡಿಕೊಳ್ಳಿ. ಆರ್ಥಡಾಕ್ಸ್ ಈಸ್ಟರ್ ಕೆಲವು ವರ್ಷ ಮೇ ಮೊದಲಿಗೆ ಬರುತ್ತದೆ. ಆ ವಾರ ಬಿಟ್ಟು ಮುಂದಿನ ವಾರಕ್ಕೆ ರೂಮು ಹಿಡಿಯಿರಿ.