‘ಲೈಸೆನ್ಸ್ ಬೇಡ’ ಎನ್ನುವ ಸ್ಕೂಟರನ್ನು ಮನೆಗೆ ತರುವ ಮುನ್ನ

ನೋಂದಣಿ ಬೇಡ, ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ ಎಂದು ಮಾರುವ ಎಲೆಕ್ಟ್ರಿಕ್ ಸ್ಕೂಟರನ್ನು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗುಡ್ಡೆಮನೆಗಳವರು ಯಾರೂ ಕೊಳ್ಳಬೇಡಿ. ಅಂಗಡಿಯವನು ‘ಸ್ಪೀಡ್ ಲಾಕ್ (ವೇಗ ಮಿತಿ ದಾಟದಂತೆ ಇಟ್ಟ ತಡೆ) ತೆಗೆದುಕೊಡುತ್ತೇನೆ’ ಎಂದರಂತೂ ಮುಂಗಡ ಕೊಡದೆ ಎದ್ದು ಬನ್ನಿ. ನಮ್ಮ ಮನೆಗೆ ಬಂದದ್ದು ಅಂಥದ್ದೇ ಗಾಡಿ. ಗಡಿಯಾಚೆ ಕರ್ನಾಟಕದ ಪೇಟೆಯ ಒಂದು ಅಂಗಡಿಯಿಂದ ತಂದದ್ದು.

ನಮ್ಮ ಅಗತ್ಯ ದೊಡ್ಡದೇನಲ್ಲ. ಬೆಳಿಗ್ಗೆ ಹೆಂಡತಿ ಸೊಸೈಟಿಗೆ ಹಾಲು ಒಯ್ಯಬೇಕು, ಪ್ಲಸ್ ವನ್ (ಹನ್ನೊಂದನೇ ತರಗತಿ) ಓದುವ ಮಗಳನ್ನು ಬಸ್ಸು ಸಿಗುವಲ್ಲಿಗೆ ಬಿಡಬೇಕು, ಬರುವಾಗ ಹಿಂಡಿಯೋ ದಿನಸಿಯೋ ತರಬೇಕು. ತೋಟ ತಗ್ಗಿನಲ್ಲಿದೆ, ಮನೆ ಅದರ ಅಂಚಿನಲ್ಲಿ. ಡಾಮರು ರಸ್ತೆ ಮುಟ್ಟಬೇಕಾದರೆ ಮುರಕಲ್ಲಿನ ಏರು ಹತ್ತಲೇಬೇಕು. ಇಷ್ಟನ್ನೂ ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆವು. ‘ಅದಕ್ಕೆಲ್ಲ ವ್ಯವಸ್ಥೆ ಉಂಟು ಅಣ್ಣಾ, ಅಕ್ಕನಿಗೂ ಮಗಳಿಗೂ ಇದೇ ಸರಿ’ ಎಂದ. ಸಬ್ಸಿಡಿ ಕಳೆದೇ ಈ ಬೆಲೆ ಎಂದೂ ಸೇರಿಸಿದ. ಅದು ಹಸಿ ಸುಳ್ಳು. ಸೀಟಿನಡಿ ಇದ್ದದ್ದು ಸೀಸದ ಬ್ಯಾಟರಿ. ಎಲೆಕ್ಟ್ರಿಕ್ ಗಾಡಿಗಳಿಗೆ ಕೇಂದ್ರ ಸರಕಾರ ಸಬ್ಸಿಡಿ ಕೊಡುವ ಫೇಮ್ ಯೋಜನೆಯ ಎರಡನೆಯ ಹಂತ 2019ರಲ್ಲಿ ಬಂದಂದಿನಿಂದೀಚೆಗೆ ಸೀಸದ ಬ್ಯಾಟರಿಯ ಸ್ಕೂಟರಿಗೆ ಕೇಂದ್ರದ ಸಬ್ಸಿಡಿ ಇಲ್ಲ.

ಈ ‘ಬೇಡ’ಗಳ ಹಿಂದಿರುವ ನಿಯಮವನ್ನು ಅವನು ಅರ್ಧ ಮಾತ್ರ ಹೇಳಿದ್ದ. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋದ ಒಳಗೆ, ಈ ಮೂರೂ ಇದ್ದರೆ ಮಾತ್ರ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನವಲ್ಲ. ಸಮತಟ್ಟಾದ ಊರಿನಲ್ಲಿ ಹತ್ತಿರದ ಅಂಗಡಿಗೆ ಹೋಗಿಬರಲು ಅಷ್ಟು ಸಾಕಾಗಬಹುದು. ನಮ್ಮಲ್ಲಿ? ಗಾಡಿ, ಬ್ಯಾಟರಿ, ಇಬ್ಬರು ಸವಾರರು ಸೇರಿ 200 ಕಿಲೋ ಎಂದಿಟ್ಟುಕೊಳ್ಳಿ. ಹತ್ತಡಿಗೆ ಒಂದಡಿ ಏರುವ ದಾರಿಯಲ್ಲಿ 250 ವ್ಯಾಟಿನಲ್ಲಿ ಒಂದಿಷ್ಟೂ ಪೋಲಾಗದೆ ಚಕ್ರ ಸೇರಿದರೂ ಗಂಟೆಗೆ ನಾಲ್ಕೂವರೆ ಕಿ.ಮೀ. ವೇಗ ಸಿಗುತ್ತದೆ. ನಡೆದುಕೊಂಡು ಹೋದರೂ ಅಷ್ಟೇ. ಮೋಟಾರು ಸ್ವಲ್ಪ ಹೊತ್ತು ಹೆಚ್ಚು ಎಳೆಯುತ್ತದೆ, ನಿಜ. ಆಮೇಲೆ ಕಾದು ಸುಸ್ತಾಗುತ್ತದೆ. ನಮ್ಮ ಏರಿನ ಅರ್ಧದಲ್ಲಿ ಮಗಳು ಇಳಿದು ಹಿಂದಿನಿಂದ ತಳ್ಳುವುದು, ಕಾಲಡಿಯ ಕ್ಯಾನಿನಿಂದ ಹಾಲು ತುಳುಕುವುದು ದಿನಚರಿಯಾಯಿತು.

ದೂರು ಹೇಳಿದ್ದಕ್ಕೆ ಅವನ ಹುಡುಗನೇ ಮನೆಗೆ ಬಂದ. ಸೀಟೆತ್ತಿ, ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರಿನ ಪೆಟ್ಟಿಗೆಯಿಂದ ಹೊರಬಂದ ವಯರುಗಳ ಗೊಂಚಲಿನಲ್ಲಿ ಒಂದು ಬಿಳಿ ವಯರಿನ ಕೊಂಡಿಯನ್ನು ಬೆರಳಿನಿಂದ ಎಳೆದು ಬಿಡಿಸಿ, ತುದಿಗೆ ಟೇಪು ಸುತ್ತಿದ. ಸ್ಪೀಡ್ ಲಾಕ್ ತೆಗೆಯುವ ಕೆಲಸ ಅಷ್ಟೇ. ‘ಫಿಟ್ಟಿಂಗ್’ ಎಂದು ಚೀಟಿ ಬರೆದು ದುಡ್ಡನ್ನೂ ತೆಗೆದುಕೊಂಡ. ‘ಕಂಪನಿಯವರೇ ಇಟ್ಟ ಸೌಲಭ್ಯ, ಏನೂ ತೊಂದರೆ ಇಲ್ಲ’ ಎಂದು ನಗುತ್ತಾ ಹೋದ. ಏರು ಹತ್ತಲು ಗಾಡಿಗೆ ತುಸು ಹುರುಪು ಬಂತು, ಸಮತಟ್ಟಿನಲ್ಲಿ ಮುಳ್ಳು ನಲವತ್ತು ದಾಟಿತು.

ಮುಂದಿನದು ಪೇಟೆಯ ತಿರುವಿನಲ್ಲಿ ಮೋಟಾರು ವಾಹನ ಇಲಾಖೆಯವರ ತಪಾಸಣೆ. ಹೆಂಡತಿಯನ್ನು ನಿಲ್ಲಿಸಿದ ಅಧಿಕಾರಿ ವಾದಕ್ಕಿಳಿಯಲಿಲ್ಲ. ತಾವೇ ಗಾಡಿ ಹತ್ತಿ ಒಂದು ಸುತ್ತು ಹೋಗಿಬಂದು, ‘ಇದರ ಆರ್‌ಸಿ ಎಲ್ಲಿ?’ ಎಂದರು. ವೇಗದ ಮಿತಿ ದಾಟಿದ ಕೂಡಲೇ ಅದು ಮೋಟಾರು ವಾಹನ. ಹಾಗಾದ ಮೇಲೆ ನೋಂದಣಿ, ವಿಮೆ, ಲೈಸೆನ್ಸ್ ಮೂರೂ ಬೇಕು. ನಮ್ಮಲ್ಲಿ ಒಂದೂ ಇರಲಿಲ್ಲ. ಗಾಡಿ ಅಲ್ಲೇ ಉಳಿಯಿತು, ದಂಡವೂ ಬಿತ್ತು. ಲೈಸೆನ್ಸಿಲ್ಲದ ಅಪ್ರಾಪ್ತೆ ಮಗಳು ಓಡಿಸುತ್ತಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು: ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯ ಪ್ರಕಾರ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ‘ಮಗಳಿಗೂ ಇದೇ ಸರಿ’ ಎಂದವನು ಇದನ್ನು ಹೇಳಿದ್ದನೇ? ಯಾರಿಗಾದರೂ ಢಿಕ್ಕಿಯಾಗಿದ್ದರೆ ಪರಿಹಾರವನ್ನು ತೋಟ ಮಾರಿ ಕೊಡಬೇಕಾಗುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ, ‘ನಾವು ಲಾಕ್ ಮುಟ್ಟಲೇ ಇಲ್ಲ’ ಎಂಬ ಉತ್ತರ.

ಬ್ಯಾಟರಿಯದು ಬೇರೆ ಕತೆ. ಆಟಿ ತಿಂಗಳ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ನಮ್ಮ ಕಡೆ ಬೇಗ ಬರುವುದಿಲ್ಲ. ಸೀಸದ ಬ್ಯಾಟರಿಯನ್ನು ಖಾಲಿಯಾದ ಸ್ಥಿತಿಯಲ್ಲಿ ಹಾಗೇ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಷ್ಟು ತುಂಬುವುದಿಲ್ಲ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮದು ಪೇಟೆಗೆ ಹೋದರೆ ಬರುವ ಖಾತರಿ ಇಲ್ಲ ಎಂಬಲ್ಲಿಗೆ ಬಂದಿತ್ತು. ವಾರಂಟಿ ಕಾರ್ಡಿನಲ್ಲಿ ಬ್ಯಾಟರಿಯ ಸಾಲು ಖಾಲಿ.

ಎಲೆಕ್ಟ್ರಿಕ್ ಗಾಡಿಯೇ ಬೇಡ ಎನ್ನುವವನು ನಾನಲ್ಲ. ಕೆ.ಎಲ್. 14 ಎಂದು ಕಾಸರಗೋಡಿನಲ್ಲಿ ನೋಂದಣಿಯಾಗುವ, ಲಿಥಿಯಂ ಬ್ಯಾಟರಿಯ ಸ್ಕೂಟರನ್ನು ನೆರೆಮನೆಯವರು ಇದೇ ಏರಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ಓಡಿಸುತ್ತಾರೆ. ಬೆಲೆ ಹೆಚ್ಚು, ಲೈಸೆನ್ಸ್ ಮಾಡಿಸಬೇಕು, ಮಾಡಿಸಿ. ಟೆಸ್ಟ್ ರೈಡನ್ನು ಶೋರೂಮಿನ ಮುಂದಿನ ಸಪಾಟು ರಸ್ತೆಯಲ್ಲಿ ಮುಗಿಸಬೇಡಿ, ಗಾಡಿಯನ್ನು ನಿಮ್ಮ ಮನೆಯ ಏರಿಗೇ ತರಿಸಿ, ಇಬ್ಬರು ಕೂತು ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಕಡಿಮೆ ವೇಗದ ಗಾಡಿಯೇ ಸಾಕು ಎನ್ನುವವರು ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಕೇಳಿ, ಮಾಡೆಲ್ ಹೆಸರು ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ.

ಇಂಥ ಗಾಡಿ ಕೊಂಡು ಕಷ್ಟದಲ್ಲಿರುವವರಿಗೆ ಇನ್ನೊಂದು ವಿಷಯ. ಅಂಗಡಿ ಕರ್ನಾಟಕದಲ್ಲಿದೆ, ಅಲ್ಲಿಗೇ ಅಲೆಯಬೇಕು ಎಂದು ಕೈಚೆಲ್ಲಬೇಡಿ. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ನಾವು ಕಾಸರಗೋಡಿನ ಆಯೋಗಕ್ಕೆ ಕೊಡಲು ಕಾಗದಪತ್ರ ಜೋಡಿಸುತ್ತಿದ್ದೇವೆ. ಆ ‘ಫಿಟ್ಟಿಂಗ್’ ಚೀಟಿಯನ್ನು ಹೆಂಡತಿ ಹಾಲಿನ ಪುಸ್ತಕದೊಳಗೆ ಜೋಪಾನವಾಗಿಟ್ಟಿದ್ದಳು. ಅಂಗಡಿಯ ಮೊಹರು ಅದರ ಮೇಲೆ ಸ್ಪಷ್ಟವಾಗಿ ಇದೆ.